ಬೇಡ

ಸುರಪುರ, ಶಹಾಪುರ, ಯಾದಗಿರಿ ಸೀಮೆಯಲ್ಲಿ ಈ ಪದ ‘ಬ್ಯಾಡ’, ‘ಬ್ಯಾಡ್ರು’ ಎಂದು ಕಿವಿಗೆ ಬೀಳುತ್ತದೆ. ಸಂಸ್ಕೃತದ ‘ವ್ಯಾಧ’ ತದ್ಭವವಾಗಿ ‘ಬೇಡ’ ಆಯಿತೆಂದು ಕೆಲವರು ಹೇಳುವುದುಂಟು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಹಳಗನ್ನಡದ ‘ಬೇಂಟೆ’, ಇಂದಿನ ‘ಬೇಟೆ’, ತಮಿಳಿನ ‘ವೇಟ್ಟೈ’, ‘ವೇಡನ್’, ತೆಲುಗಿನ ‘ವೇಟ’ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಬೇಟೆಯಾಡುವವನು ಬೇಡ. ಯಾಚಿಸು ಎಂಬರ್ಥದ ‘ಬೇಡು’ ಧಾತುವಿಗೂ ಈ ಹೆಸರಿಗೂ ನಂಟಿಲ್ಲ.

ಸುರಪುರದಲ್ಲಿ ಈ ಪದದ ತೂಕವೇ ಬೇರೆ. ಬಿಲ್ಲು ಹಿಡಿದ ಕೈ ಇಲ್ಲಿ ಕೋಟೆ ಕಟ್ಟಿತು, ನಾಡು ಆಳಿತು. 1705ರಲ್ಲಿ ಔರಂಗಜೇಬನೇ ಖುದ್ದಾಗಿ ವಾಗಿಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಕೈ ತಪ್ಪಿದರೂ ಅದರ ಬೇಡ ದೊರೆ ಪಿಡ್ಡನಾಯಕ ಸಿಕ್ಕಲಿಲ್ಲ. ಮುಪ್ಪಿನ ಬಾದಶಹನ ಕೊನೆಯ ದಂಡಯಾತ್ರೆ ಅದೇ. 1858ರಲ್ಲಿ ಬ್ರಿಟಿಷರನ್ನು ಎದುರಿಸಿದ ರಾಜಾ ವೆಂಕಟಪ್ಪ ನಾಯಕರು ಇದೇ ಮನೆತನದವರು. ಹೀಗೆ ‘ನಾಯಕ’, ‘ದೊರೆ’ ಎಂಬ ಬಿರುದುಗಳು ‘ಬೇಡ’ದ ಪಕ್ಕದಲ್ಲಿ ನಿಂತವು. ಮುಧೋಳ ಸೀಮೆಯ ಹಲಗಲಿಯ ಬೇಡರಂತೂ ಆಯುಧ ಒಪ್ಪಿಸಬೇಕೆಂಬ ಕಾಯ್ದೆಯ ವಿರುದ್ಧ 1857ರಲ್ಲಿ ಸಿಡಿದೆದ್ದವರು; ಲಾವಣಿಗಳು ಅವರನ್ನು ಇಂದಿಗೂ ಹಾಡುತ್ತವೆ.

ಸರಕಾರಿ ಕಾಗದಗಳಲ್ಲಿ ‘ನಾಯಕ’, ‘ಬೇಡ’, ‘ಬೇಡರ್’, ‘ವಾಲ್ಮೀಕಿ’ ಹೆಸರುಗಳು 1991ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಸಮುದಾಯ ತನ್ನನ್ನು ‘ವಾಲ್ಮೀಕಿ ನಾಯಕ’ ಎಂದು ಹೆಮ್ಮೆಯಿಂದ ಕರೆದುಕೊಳ್ಳುತ್ತದೆ. ಹಳೆಯ ಪುಸ್ತಕಗಳಲ್ಲಿ ಈ ಪದಕ್ಕೆ ‘ದರೋಡೆಕೋರ’ ಎಂಬ ಅರ್ಥ ಹಚ್ಚಿದ್ದು ಕಂಡರೆ, ಅದು ಸೋಲಿಸಲು ಬಂದವರು ಬರೆದದ್ದೆಂದು ಓದುಗರು ನೆನಪಿಡಬೇಕು.