ಗಾಂಜಾ ಅಂಗಡಿ, ತಕ್ಕಡಿ ಮತ್ತು 1981ರ ಒಂದು ಟ್ಯಾಕ್ಸ್ ಕೇಸ್

ಅಮೆರಿಕದ ಫೆಡರಲ್ ಸರ್ಕಾರ ಗಾಂಜಾವನ್ನು ಒಂದನೇ ಪಟ್ಟಿಯಿಂದ ಮೂರನೇ ಪಟ್ಟಿಗೆ ಇಳಿಸೋ ಪ್ರಯತ್ನದ ಸುದ್ದಿ ನಿಮ್ಮ ಫೋನಿಗೂ ಬಂದಿರುತ್ತೆ. ಹಾಗಾದ್ರೆ ಅಲ್ಲಿ ಎಲ್ಲಾ ಕಡೆ ಗಾಂಜಾ ಲೀಗಲ್ ಆಗುತ್ತಾ? ಇಲ್ಲ. ಅಂಗಡಿಯವರು ಇದಕ್ಕೆ ಕಾಯ್ತಿರೋದು ಮುಖ್ಯವಾಗಿ ಟ್ಯಾಕ್ಸ್ ಕಾರಣಕ್ಕೆ. ಆ ಟ್ಯಾಕ್ಸ್ ಹುಟ್ಟಿದ ಕಥೆ ಸ್ವಲ್ಪ ವಿಚಿತ್ರವಾಗಿದೆ. ಅಲ್ಲಿಂದಲೇ ಶುರು ಮಾಡ್ತೀನಿ.

1974, ಮಿನಿಯಾಪೊಲಿಸ್. ಒಬ್ಬ ವ್ಯಕ್ತಿ ತನ್ನ ಬಾಡಿಗೆ ಮನೆಯಿಂದಲೇ ಆಂಫೆಟಮಿನ್ ಮಾತ್ರೆ, ಕೊಕೇನ್, ಗಾಂಜಾ ಮಾರುತ್ತಿದ್ದ. ತೆರಿಗೆ ಇಲಾಖೆ ಅವನ ಬೆನ್ನು ಬಿತ್ತು. ಅಮೆರಿಕದಲ್ಲಿ ಅಕ್ರಮ ದುಡ್ಡಿಗೂ ಆದಾಯ ತೆರಿಗೆ ಕಟ್ಟಬೇಕು. ಆಲ್ ಕಪೋನ್ ಜೈಲಿಗೆ ಹೋಗಿದ್ದೂ ತೆರಿಗೆ ಕೇಸ್‌ನಲ್ಲೇ. ಆದ್ರೆ ಈತ ಸುಮ್ಮನೆ ಕೂರಲಿಲ್ಲ. ವ್ಯಾಪಾರ ಅಂತ ಟ್ಯಾಕ್ಸ್ ಹಾಕೋದಾದ್ರೆ ವ್ಯಾಪಾರದ ಖರ್ಚನ್ನೂ ಕಳೀಬೇಕು ಅನ್ನೋದು ಅವನ ವಾದ. 1981ರಲ್ಲಿ ಟ್ಯಾಕ್ಸ್ ಕೋರ್ಟ್ ಬಹುಪಾಲು ಒಪ್ಪಿಕೊಂಡುಬಿಟ್ಟಿತು! ಸರಕಿನ ಖರೀದಿ, ತೂಕ ಮಾಡೋ ತಕ್ಕಡಿ, ಫೋನ್, ಕಾರು ಓಡಿಸಿದ ಖರ್ಚು, ಮನೆ ಬಾಡಿಗೆಯಲ್ಲಿ ಮೂರನೇ ಒಂದು ಪಾಲು. ಇದೇ ಎಡ್ಮಂಡ್ಸನ್ ಕೇಸ್.

ಕಾಂಗ್ರೆಸ್‌ಗೆ ಇದು ಮುಜುಗರ. ಮರುವರ್ಷವೇ, 1982ರಲ್ಲಿ, ತೆರಿಗೆ ಕಾನೂನಿಗೆ 280ಇ ಅನ್ನೋ ಸೆಕ್ಷನ್ ಸೇರಿಸಿದರು. ಒಂದನೇ ಅಥವಾ ಎರಡನೇ ಪಟ್ಟಿಯ ಮಾದಕ ವಸ್ತು ಮಾರುವವರಿಗೆ ಯಾವ ಖರ್ಚಿನ ಕಡಿತವೂ ಇಲ್ಲ. ಸರಕಿನ ಅಸಲು ಬೆಲೆಯೊಂದನ್ನು ಮಾತ್ರ ಕಳೆಯಬಹುದು. ಆಗ ಅವರ ಮನಸ್ಸಲ್ಲಿದ್ದದ್ದು ಕಳ್ಳ ವ್ಯಾಪಾರಿ. ಲೈಸೆನ್ಸ್ ಇರೋ ಗಾಂಜಾ ಅಂಗಡಿ ಅನ್ನೋದೇ ಆಗ ಇರಲಿಲ್ಲ.

ಈ ಪಟ್ಟಿಗಳು ಬಂದಿದ್ದು 1970ರ ಕಾನೂನಿನಿಂದ. ಒಟ್ಟು ಐದು. ವೈದ್ಯಕೀಯ ಉಪಯೋಗವಿಲ್ಲ, ದುರ್ಬಳಕೆಯ ಅಪಾಯ ಜಾಸ್ತಿ ಅನ್ನೋದೆಲ್ಲ ಒಂದನೆಯದಕ್ಕೆ. ಹೆರಾಯಿನ್ ಜೊತೆ ಗಾಂಜಾವನ್ನೂ ಅಲ್ಲೇ ಕೂರಿಸಿದರು. ಕೊಕೇನ್ ಇರೋದು ಎರಡನೇ ಪಟ್ಟಿಯಲ್ಲಿ, ಯಾಕಂದ್ರೆ ಅರಿವಳಿಕೆಗೆ ಡಾಕ್ಟರುಗಳು ಬಳಸ್ತಾರೆ. ಗಾಂಜಾ ಬಗ್ಗೆ ಒಂದು ಆಯೋಗ ಅಧ್ಯಯನ ಮಾಡಿ ಹೇಳೋವರೆಗೆ ಮೇಲಿನ ಪಟ್ಟಿಯಲ್ಲೇ ಇರಲಿ ಅನ್ನೋದು ಆಗಿನ ಆರೋಗ್ಯ ಅಧಿಕಾರಿಗಳ ಸಲಹೆ. ಪೆನ್ಸಿಲ್ವೇನಿಯಾದ ಮಾಜಿ ಗವರ್ನರ್ ರೇಮಂಡ್ ಶೇಫರ್ ನೇತೃತ್ವದ ಆ ಆಯೋಗ 1972ರಲ್ಲಿ ವರದಿ ಕೊಟ್ಟಿತು. ಸ್ವಂತ ಬಳಕೆಗೆ ಇಟ್ಟುಕೊಂಡವರನ್ನು ಅಪರಾಧಿ ಮಾಡಬೇಡಿ ಅಂತ ಅದರ ಶಿಫಾರಸು. ಅಧ್ಯಕ್ಷ ನಿಕ್ಸನ್ ಒಪ್ಪಲಿಲ್ಲ. 1988ರಲ್ಲಿ ಮಾದಕ ವಸ್ತು ನಿಗ್ರಹ ಸಂಸ್ಥೆ ಡಿಇಎಯ ಸ್ವಂತ ನ್ಯಾಯಾಧೀಶ ಫ್ರಾನ್ಸಿಸ್ ಯಂಗ್ ಎರಡನೇ ಪಟ್ಟಿಗೆ ಇಳಿಸಿ ಅಂದರು. ಸಂಸ್ಥೆ ಅದನ್ನೂ ತಳ್ಳಿಹಾಕಿತು. ಆಯೋಗ ಮಾಡೋದು, ವರದಿ ಬಂದಮೇಲೆ ಕಪಾಟಿಗೆ ಹಾಕೋದು ನಮ್ಮಲ್ಲಿ ಮಾತ್ರ ಅಂತ ಅಂದ್ಕೋಬೇಡಿ.

ಇಷ್ಟರಲ್ಲಿ ರಾಜ್ಯಗಳು ಬೇರೆ ದಾರಿ ಹಿಡಿದವು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಡ್ಸ್ ರೋಗಿಗಳು ವಾಂತಿ ತಡೆಯೋಕೆ, ಹಸಿವಾಗೋಕೆ ಗಾಂಜಾ ಬಳಸ್ತಿದ್ದರು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಔಷಧಿಗಾಗಿ ಬಳಸೋದನ್ನು ಒಪ್ಪಿದರು. 2012ರಲ್ಲಿ ಕೊಲೊರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು ಮೋಜಿಗೂ ಆಗಬಹುದು ಅಂದವು. ಅಂಗಡಿ ತೆರೆದು, ಲೈಸೆನ್ಸ್ ಗೋಡೆಗೆ ಹಾಕಿ, ರಾಜ್ಯಕ್ಕೆ ಟ್ಯಾಕ್ಸ್ ಕಟ್ಟೋಕೆ ಶುರು ಮಾಡಿದ ಮೇಲೆ ಆ ಹಳೇ 280ಇ ಇವರ ಕುತ್ತಿಗೆಗೆ ಬಿತ್ತು.

ಲೆಕ್ಕ ನೋಡಿ. 100 ಡಾಲರ್ ವ್ಯಾಪಾರ, ಸರಕಿಗೆ 60, ಬಾಡಿಗೆ-ಸಂಬಳಕ್ಕೆ 30. ಲಾಭ 10. ಬೇರೆ ಕಂಪನಿಯಾದ್ರೆ 21 ಪರ್ಸೆಂಟ್ ಪ್ರಕಾರ ಫೆಡರಲ್ ಟ್ಯಾಕ್ಸ್ 2 ಡಾಲರ್ 10 ಸೆಂಟ್. ಗಾಂಜಾ ಅಂಗಡಿಗೆ ಟ್ಯಾಕ್ಸ್ ಬೀಳೋದು 40 ಡಾಲರ್ ಮೇಲೆ, ಅಂದ್ರೆ 8 ಡಾಲರ್ 40 ಸೆಂಟ್. ಬಾಡಿಗೆ-ಸಂಬಳ 35ಕ್ಕೆ ಏರಿದರೆ ಲಾಭ ಬರೀ 5, ಟ್ಯಾಕ್ಸ್ ಅದೇ 8.40. ಕೈಯಿಂದ ಕಟ್ಟಬೇಕು.

ಈ ಸೆಕ್ಷನ್ ರೋಗಿ ಯಾರು, ಮೋಜಿನವರು ಯಾರು ಅಂತ ನೋಡಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ರೋಗಿಗಳ ಸಂಘ ಕೋರ್ಟಿಗೆ ಹೋದಾಗ, 2007ರಲ್ಲಿ, ಊಟ, ಆಪ್ತಸಮಾಲೋಚನೆಯಂಥ ಸೇವೆಗಳ ಖರ್ಚನ್ನಷ್ಟೇ ಕಳೆಯೋಕೆ ಬಿಟ್ಟರು. ಗಾಂಜಾ ಕೊಡೋ ಖರ್ಚಿಗೆ ಇಲ್ಲ. 2018ರಲ್ಲಿ ಓಕ್ಲೆಂಡ್‌ನ ಹಾರ್ಬರ್‌ಸೈಡ್ ಅನ್ನೋ ದೊಡ್ಡ ಅಂಗಡಿಯೂ ಟ್ಯಾಕ್ಸ್ ಕೋರ್ಟಲ್ಲಿ ಸೋತಿತು. ಪೆಟ್ಟು ಜಾಸ್ತಿ ಬೀಳೋದು ಸಣ್ಣ ಅಂಗಡಿಗಳಿಗೆ ಅಂತ ನನ್ನ ಅನಿಸಿಕೆ. ದೊಡ್ಡ ಕಂಪನಿ ಸಾಲ ತಂದು ವಕೀಲರನ್ನಿಟ್ಟು ಎಳೆದಾಡಬಹುದು. ಒಂದೇ ಅಂಗಡಿ ಇರೋರು ಏನು ಮಾಡಬೇಕು?

2022ರ ಅಕ್ಟೋಬರ್‌ನಲ್ಲಿ ಬೈಡನ್ ಮರುಪರಿಶೀಲನೆಗೆ ಹೇಳಿದರು. 2023ರಲ್ಲಿ ಆರೋಗ್ಯ ಇಲಾಖೆ ಮೂರನೇ ಪಟ್ಟಿ ಸಾಕು ಅಂದಿತು. 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಪ್ರಸ್ತಾವ ಪ್ರಕಟಿಸಿತು. 2025ರ ಡಿಸೆಂಬರ್‌ನಲ್ಲಿ ಟ್ರಂಪ್, ಕೆಲಸ ಬೇಗ ಮುಗಿಸಿ ಅಂತ ಆದೇಶ ಹೊರಡಿಸಿದರು. 280ಇ ಮುಟ್ಟೋದು ಮೊದಲೆರಡು ಪಟ್ಟಿಗಳನ್ನು ಮಾತ್ರ. ಹಾಗಾಗಿ ಮೂರನೆಯದಕ್ಕೆ ಇಳಿದರೆ ಆ ಹೊರೆ ಹೋಗುತ್ತೆ. ಸಂಶೋಧಕರಿಗೂ ಅನುಮತಿಯ ಕಾಟ ಕಮ್ಮಿಯಾಗುತ್ತೆ.

ಆದ್ರೆ ಮೂರನೇ ಪಟ್ಟಿ ಅಂದ್ರೆ ಕೆಟಮೈನ್, ಸ್ಟೆರಾಯ್ಡ್‌ಗಳ ಸಾಲು. ಅವು ಕಿರಾಣಿ ಸಾಮಾನಲ್ಲ. ಎಫ್‌ಡಿಎ ಒಪ್ಪಿದ ಔಷಧಿ, ಡಾಕ್ಟರ್ ಚೀಟಿ, ಫಾರ್ಮಸಿ ಬೇಕು. ಗಾಂಜಾ ಅಂಗಡಿಯ ಹೂವು, ಕುಕೀಸ್‌ಗೆ ಎಫ್‌ಡಿಎ ಒಪ್ಪಿಗೆ ಇಲ್ಲ. ಪಟ್ಟಿ ಬದಲಾದ ಮಾತ್ರಕ್ಕೆ ಅವು ಫೆಡರಲ್ ಕಾನೂನಿನಲ್ಲಿ ಲೀಗಲ್ ಆಗಲ್ಲ. ಒಂದು ರಾಜ್ಯದ ಮಾಲು ಇನ್ನೊಂದಕ್ಕೆ ಹೋಗೋ ಹಾಗೂ ಇಲ್ಲ. ಮೆಡಿಕಲ್ ಅಂಗಡಿಗಳಿಗೆ ಒಂದು ಛತ್ರಿ ಇದೆ. ರಾಜ್ಯದ ಮೆಡಿಕಲ್ ಗಾಂಜಾ ವ್ಯವಸ್ಥೆಗೆ ಅಡ್ಡ ಬರೋಕೆ ನ್ಯಾಯ ಇಲಾಖೆ ದುಡ್ಡು ಖರ್ಚು ಮಾಡಬಾರದು ಅಂತ 2014ರಲ್ಲಿ ಕಾಂಗ್ರೆಸ್ ಬಜೆಟ್‌ನಲ್ಲಿ ಒಂದು ಷರತ್ತು ಹಾಕಿ, ಆಮೇಲೂ ನವೀಕರಿಸುತ್ತಾ ಬಂತು. ಮೋಜಿನ ಅಂಗಡಿಗೆ ಆ ಛತ್ರಿ ಇಲ್ಲ.

ಕೊನೆಗೆ, ಅಲ್ಲಿ ಓದೋಕೆ, ಕೆಲಸಕ್ಕೆ ಹೋಗಿರೋ ನಮ್ಮ ಹುಡುಗ ಹುಡುಗಿಯರಿಗೆ. ಅಂಗಡಿಗೆ ರಾಜ್ಯದ ಲೈಸೆನ್ಸ್ ಇರಬಹುದು, ನಿಮಗೆ 21 ತುಂಬಿರಬಹುದು. ವೀಸಾ, ಗ್ರೀನ್ ಕಾರ್ಡ್ ನಡೆಯೋದು ಫೆಡರಲ್ ಕಾನೂನಿನ ಮೇಲೆ. ಬಳಸಿದ್ದೆ ಅಂತ ಒಪ್ಪಿಕೊಂಡರೂ ತೊಂದರೆ ಬರಬಹುದು. ಅಂಥ ಅಂಗಡಿಯಲ್ಲಿ ಕೆಲಸ ಮಾಡಿದ್ದೂ ಲೆಕ್ಕಕ್ಕೆ ಬರುತ್ತೆ. ಇಮಿಗ್ರೇಶನ್ ಕಾನೂನು ಐದೂ ಪಟ್ಟಿಗಳನ್ನು ಒಟ್ಟಿಗೇ ಹಿಡಿಯುತ್ತೆ. ಮೂರನೆಯದಕ್ಕೆ ಇಳಿದರೂ ಗಾಂಜಾ ಅದರೊಳಗೇ ಇರುತ್ತೆ.