ಪ್ರಸಂಗ ಬಂದಾಗ

ಬೆಂಗಳೂರಿನ ಒಂದು ಕನ್ನಡ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದಿತ್ತು. ಗೇಟಿನ ಬಳಿ ಆಟೋ ಕಾಯುತ್ತಿದ್ದ ಹುಡುಗ ಫೋನಿನಲ್ಲಿ ಹೇಳುತ್ತಿದ್ದ: "ಮೆಸೇಜ್ ಸೂಪರ್ ಆಗಿತ್ತು ಮಚ್ಚಾ, ಪಾಸ್ಟರ್ ಬೇಗ ಮುಗಿಸಿದ್ರು." ಎರಡು ಹೆಜ್ಜೆ ಆಚೆ ಅಜ್ಜಿಯೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಅಯ್ಯನವರ ಪ್ರಸಂಗ ಇವತ್ತು ಮನಸ್ಸಿಗೆ ತಾಕಿತು ಕಣಮ್ಮ." ಇಬ್ಬರೂ ಕೂತು ಕೇಳಿದ್ದು ಒಂದೇ ಮಾತನ್ನು.

ಮೆಸೇಜ್ ಎಂಬುದು ಬ್ಯಾಂಕಿನಿಂದಲೂ ಬರುತ್ತದೆ, ಗ್ಯಾಸ್ ಏಜೆನ್ಸಿಯಿಂದಲೂ ಬರುತ್ತದೆ. ಓದಿದ ಮೇಲೆ ಅಳಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಪ್ರಸಂಗ ಹಾಗಲ್ಲ. ಅದರೊಳಗೆ ಮಾತು ಇದೆ, ಸಂದರ್ಭ ಇದೆ, ಕಥೆ ಇದೆ, ಗದರಿಕೆಯೂ ಇದೆ. ಸಂಸ್ಕೃತದ ಉಪಸರ್ಗ, ಧಾತುಗಳ ಲೆಕ್ಕ ಬೇಕಾದವರಿಗೆ ಕಿಟೆಲರು 1894ರಲ್ಲೇ ನಿಘಂಟು ಮಾಡಿಟ್ಟು ಹೋಗಿದ್ದಾರೆ. ಆ ದಾರಿ ಇಲ್ಲಿ ಬೇಡ.

ಬೋಧಕರ ಮಾತಿಗೆ ಕನ್ನಡ ಕ್ರೈಸ್ತರು ಈ ಹೆಸರಿಟ್ಟದ್ದು ಹೇಗೆ ಎಂಬುದಕ್ಕೆ ಈ ಅಂಕಣಕಾರನಿಗೆ ಬಹುಕಾಲದಿಂದ ಪ್ರಿಯವಾದ ಒಂದು ಊಹೆ ಇದೆ. ಪದ ಮೊದಲು ಬಂದದ್ದು ಪೂರ್ವದಿಂದ. ಜರ್ಮನ್ ಮಿಷನರಿ ಸೀಗನ್‌ಬಾಲ್ಗ್ 1706ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದಿಳಿದ. ಅವನ ತಮಿಳು ಹೊಸ ಒಡಂಬಡಿಕೆ 1715ರ ಹೊತ್ತಿಗೆ ಅಚ್ಚಾಯಿತು. ತಮಿಳು ಚರ್ಚಿನಲ್ಲಿ ಇವತ್ತಿಗೂ ಬೋಧನೆಗೆ ಪ್ರಸಂಗ ಎಂದೇ ಹೆಸರು. ಹಳೆಯ ಒಡಂಬಡಿಕೆಯ ಒಂದು ಪುಸ್ತಕ ತಮಿಳಿನಲ್ಲೂ ತೆಲುಗಿನಲ್ಲೂ ಕನ್ನಡದಲ್ಲೂ 'ಪ್ರಸಂಗಿ'. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಬೈಬಲ್ಲಿನ ಕೆಲಸ ಹಿಡಿದಾಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಪದವೂ ಅದೇ ದಾರಿ ಹಿಡಿದು ಬಂದಿರಬೇಕು.

ಆದರೆ ಬಂದ ಪದವೆಲ್ಲ ನಿಲ್ಲುವುದಿಲ್ಲ. ಇದು ಬೇರು ಬಿಟ್ಟದ್ದು ಕರಾವಳಿಯಿಂದಾಗಿ ಎಂಬುದು ಊಹೆಯ ಉತ್ತರಾರ್ಧ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಾಗ ಅಲ್ಲಿನ ಜನರ ಬಾಯಲ್ಲಿ ಪ್ರಸಂಗ ಆಗಲೇ ಮನೆಮಾತು. ಯಕ್ಷಗಾನದ ಊರಿನಲ್ಲಿ "ಇವತ್ತು ಯಾವ ಪ್ರಸಂಗ?" ಎಂದು ಕೇಳದವರು ಯಾರು?

ಇಲ್ಲೊಂದು ಸೊಗಸಾದ ಅದಲುಬದಲು ನಡೆದಿದೆ. ಯಕ್ಷಗಾನದ್ದೇ ಕೂತಾಡುವ ರೂಪವಾದ ತಾಳಮದ್ದಳೆಯಲ್ಲಿ ಪ್ರಸಂಗ ಎಂದರೆ ಕವಿ ಬರೆದಿಟ್ಟ ಪದ್ಯಗಳ ಪುಸ್ತಕ. ಭಾಗವತರು ಪದ್ಯ ಹಾಡುತ್ತಾರೆ. ವೇಷವಿಲ್ಲದೆ ಕೂತ ಅರ್ಥಧಾರಿ ಅಲ್ಲೇ, ಆಗಲೇ, ತನ್ನ ಬುದ್ಧಿಯಿಂದ ಮಾತು ಹೊಸೆಯುತ್ತಾನೆ. ಬರೆದದ್ದು ಪ್ರಸಂಗ, ಆಡಿದ್ದು ಅರ್ಥ. ಚರ್ಚಿನಲ್ಲಿ ಬರೆದದ್ದು ವಾಕ್ಯ, ಆಡಿದ್ದು ಪ್ರಸಂಗ. ಪದ ಪುಸ್ತಕದಿಂದ ಬಾಯಿಗೆ ಜಾರಿತು, ಆದರೆ ಕಟ್ಟುಪಾಡು ಒಂದೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ದೊಡ್ಡ ಅರ್ಥಧಾರಿ ರಾವಣನ ಪರ ಎಷ್ಟು ವಾದಿಸಿದರೂ ಮುಂದಿನ ಪದ್ಯಕ್ಕೆ ಬಂದು ಸೇರಲೇಬೇಕು. ಓದಿದ ವಾಕ್ಯಕ್ಕೆ ಮರಳಿ ಬಾರದ ಬೋಧಕರು ಈಗ ಹೆಚ್ಚಾಗಿದ್ದಾರೆ. ಒಂದು ವಚನ ಓದಿ, ಪುಸ್ತಕ ಮುಚ್ಚಿ, ಮುಂದಿನ ಮುಕ್ಕಾಲು ಗಂಟೆ ತಮ್ಮ ವಿದೇಶ ಪ್ರವಾಸ ಹೇಳುವುದು ಯಾವ ಕಟ್ಟಿನ ಪ್ರಸಂಗವೂ ಅಲ್ಲ.

 

ಬೋಧಿಸುವವರ ವಿಚಾರ ಬಂದಮೇಲೆ ಬದನೆಕಾಯಿಯನ್ನು ದಾಟಿ ಹೋಗುವಂತಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತು. ಕಥೆ ಮಾತ್ರ ಈಗ ಮರೆಯಾಗುತ್ತಿದೆ. ಪುರಾಣಿಕರು ದೇವಸ್ಥಾನದಲ್ಲಿ ಬದನೆಕಾಯಿ ನಿಷಿದ್ಧವೆಂದು ವಿಸ್ತಾರವಾಗಿ ಹೇಳಿದರು. ಹೆಂಗಸರ ಸಾಲಿನಲ್ಲಿ ಅವರ ಹೆಂಡತಿಯೂ ಕೂತಿದ್ದಳು. ಮನೆಗೆ ಓಡಿ, ಬೆಳಿಗ್ಗೆಯೇ ತಂದಿಟ್ಟಿದ್ದ ಬದನೆಕಾಯಿಯನ್ನು ತಿಪ್ಪೆಗೆ ಎಸೆದು ಬೇಳೆ ಸಾರು ಮಾಡಿದಳು. ಊಟಕ್ಕೆ ಕೂತ ಪುರಾಣಿಕರು "ಎಣ್ಣೆಗಾಯಿ ಎಲ್ಲಿ?" ಎಂದರು. "ನೀವೇ ಬೇಡ ಅಂದಿರಲ್ಲ!" "ಅಯ್ಯೋ ಹುಚ್ಚಿ, ಅದು ಪುರಾಣದ ಬದನೆಕಾಯಿ!"

ಕಥೆಗೆ ಒಂದು ಪ್ರಾದೇಶಿಕ ತೊಡಕೂ ಇದೆ. ಉಡುಪಿಯ ಸೀಮೆಯಲ್ಲಿ ಇದು ಹುಟ್ಟಿರಲಾರದು. ಅಲ್ಲಿನ ಮಟ್ಟುಗುಳ್ಳವೆಂಬ ಬದನೆಯ ಬೀಜ ಯತಿ ವಾದಿರಾಜರು ಕೊಟ್ಟದ್ದೆಂಬ ನಂಬಿಕೆ ಇದೆ, ಕೃಷ್ಣಮಠಕ್ಕೆ ಅದು ಸಲ್ಲುತ್ತದೆ, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇಂಥ ಬದನೆಯನ್ನು ತಿಪ್ಪೆಗೆ ಎಸೆಯುವ ಕಥೆಯನ್ನು ಅಲ್ಲಿಯವರು ಕಟ್ಟುವರೇ? ಬಯಲುಸೀಮೆಯದೇ ಇರಬೇಕು.

ಎಲ್ಲರೂ ಈ ಕಥೆಯನ್ನು ಪುರಾಣಿಕನಿಗಾಗಿ ಹೇಳುತ್ತಾರೆ. ನೆನಪಿಡಬೇಕಾದವಳು ಹೆಂಡತಿ. ಇಡೀ ಸಭೆಯಲ್ಲಿ ಕೇಳಿದ್ದನ್ನು ನಂಬಿ ಅಡುಗೆಮನೆಯವರೆಗೆ ಕೊಂಡೊಯ್ದವಳು ಅವಳೊಬ್ಬಳೇ. ಯಾಕೋಬನ ಪತ್ರದ ಮೊದಲ ಅಧ್ಯಾಯ ಕೇಳಿ ಸುಮ್ಮನಾಗುವವರನ್ನೂ ಕೇಳಿದಂತೆ ನಡೆಯುವವರನ್ನೂ ಬೇರೆ ಬೇರೆಯಾಗಿ ನಿಲ್ಲಿಸುತ್ತದಲ್ಲ, ಅವಳು ನಿಲ್ಲುವುದು ಎರಡನೆಯ ಸಾಲಿನಲ್ಲಿ. ಮತ್ತಾಯನ ಐದರಿಂದ ಏಳನೆಯ ಅಧ್ಯಾಯದವರೆಗೆ ಹರಡಿರುವ ಪರ್ವತ ಪ್ರಸಂಗ ಮುಗಿಯುವುದೂ ಈ ವಿಚಾರದಲ್ಲೇ: ಬಂಡೆಯ ಮೇಲೆ ಮನೆ ಕಟ್ಟಿದವನು, ಮರಳಿನ ಮೇಲೆ ಕಟ್ಟಿದವನು. ಇಬ್ಬರೂ ಮಾತು ಕೇಳಿದ್ದರು. ನೂರಾ ಹನ್ನೊಂದು ವಚನಗಳ ಆ ಪ್ರಸಂಗವನ್ನು ಗಟ್ಟಿಯಾಗಿ ಓದಿದರೆ ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮೈಕಿನ ಮುಂದೆ ಎರಡು ಗಂಟೆ ನಿಲ್ಲುವವರು ಇದನ್ನು ಒಮ್ಮೆ ಲೆಕ್ಕ ಹಾಕಬೇಕು.

ಅಂಥವರಿಗಾಗಿ ಕನ್ನಡ 'ಅಧಿಕಪ್ರಸಂಗ' ಎಂಬ ಪದವನ್ನು ಸಿದ್ಧವಾಗಿಟ್ಟಿದೆ. ತನ್ನ ಅತಿರೇಕಕ್ಕೆ ತಾನೇ ಬೈಗುಳವನ್ನು ಹೆತ್ತ ಪದಗಳು ಎಷ್ಟಿವೆ! ಪ್ರಸಂಗಿಯ ಪುಸ್ತಕ ಕೂಡ ಐದನೆಯ ಅಧ್ಯಾಯದಲ್ಲಿ ದೇವರ ಮುಂದೆ ಮಾತು ಕಡಿಮೆ ಇರಲಿ ಎನ್ನುತ್ತದೆ. ಅದೇ ಪುಸ್ತಕದ ಮೂರನೆಯ ಅಧ್ಯಾಯ ಹುಟ್ಟಿಗೂ ಸಾವಿಗೂ, ನೆಡುವುದಕ್ಕೂ ಕೀಳುವುದಕ್ಕೂ ಒಂದೊಂದು ಹೊತ್ತು ಉಂಟು ಎನ್ನುತ್ತದೆ. ಹೊತ್ತು ಎಂದರೂ ಪ್ರಸಂಗವೇ ತಾನೆ? "ಅಂಥ ಪ್ರಸಂಗ ಬಂದರೆ ನೋಡೋಣ" ಎನ್ನುವಾಗ ಕನ್ನಡಿಗರು ಹೇಳುವುದು ಅದನ್ನೇ. ಮಾತಿಗೂ ಮಾತು ಬೇಕಾಗುವ ಹೊತ್ತಿಗೂ ಒಂದೇ ಪದವಿರುವುದು ಈ ಭಾಷೆಯ ಭಾಗ್ಯ.

ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯದಲ್ಲಿ ಈ ಅಧಿಕಪ್ರಸಂಗದಲ್ಲಿ ಪೌಲನೇ ಸಿಕ್ಕಿಬಿದ್ದಿದ್ದಾನೆ. ತ್ರೋವದ ಮಹಡಿಯ ಕೋಣೆ, ತುಂಬ ದೀಪಗಳು, ಮಧ್ಯರಾತ್ರಿಯವರೆಗೂ ಮಾತು. ಕಿಟಕಿಯಲ್ಲಿ ಕೂತಿದ್ದ ಯೂತಿಖನೆಂಬ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ, ಎತ್ತಿದವರು ಸತ್ತನೆಂದರು. ಪೌಲ ಮಾತು ನಿಲ್ಲಿಸಿ, ಇಳಿದು ಹೋಗಿ, ಹುಡುಗನನ್ನು ತಬ್ಬಿಕೊಂಡು, ಪ್ರಾಣವಿದೆ ಎಂದ. ಲೂಕ ಇದನ್ನು ಮುಚ್ಚಿಡದೆ ಬರೆದದ್ದು ದೊಡ್ಡದು. ಹೇಳುತ್ತಿದ್ದವನು ಕೆಳಗಿಳಿದು ಹೋದ ಎಂಬುದು ಅದಕ್ಕಿಂತ ದೊಡ್ಡದು.

ಒಂದನೆಯ ತಿಮೊಥೆಯದ ಮೂರನೆಯ ಅಧ್ಯಾಯ ಸಭಾಧ್ಯಕ್ಷನಾಗುವವನ ಗುಣಗಳನ್ನು ಹೇಳುತ್ತದೆ. ನಿಂದೆಗೆ ಎಡೆ ಕೊಡದವನು, ಅತಿಥಿಗಳನ್ನು ಸತ್ಕರಿಸುವವನು, ಕುಡುಕನಲ್ಲದವನು, ಜಗಳಗಂಟನಲ್ಲದವನು, ಹಣದಾಸೆ ಇಲ್ಲದವನು, ತನ್ನ ಮನೆಯನ್ನು ಚೆನ್ನಾಗಿ ನಡೆಸುವವನು, ಹೊರಗಿನವರಿಂದಲೂ ಒಳ್ಳೆಯವನೆನ್ನಿಸಿಕೊಂಡವನು. ಬೋಧಿಸುವ ಸಾಮರ್ಥ್ಯಕ್ಕೆ ಅಷ್ಟುದ್ದದ ಪಟ್ಟಿಯಲ್ಲಿ ಇರುವುದು ಒಂದೇ ಸ್ಥಾನ. ಈಗಿನ ಪೋಸ್ಟರುಗಳಲ್ಲಿ ಆ ಒಂದರದೇ ಜಾಹೀರಾತು.

1956ರ ಜನವರಿ 30ರ ರಾತ್ರಿ ಅಮೆರಿಕದ ಮಾಂಟ್ಗಮರಿಯಲ್ಲಿ ಮಾತು ಬೇಕಾದ ಪ್ರಸಂಗವೊಂದು ನಿಜವಾಗಿ ಬಂತು. ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಸಭಾಪಾಲಕ ಮಾರ್ಟಿನ್ ಲೂಥರ್ ಕಿಂಗ್‌ಗೆ ಆಗ ಇಪ್ಪತ್ತೇಳು ವರ್ಷ. ವರ್ಣಭೇದದ ವಿರುದ್ಧದ ಬಸ್ ಬಹಿಷ್ಕಾರದ ಸಭೆಯಲ್ಲಿದ್ದಾಗ ಮನೆಗೆ ಬಾಂಬು ಬಿದ್ದ ಸುದ್ದಿ ತಲುಪಿತು. ಒಳಗೆ ಹೆಂಡತಿ ಕೊರೆಟ್ಟಾ ಮತ್ತು ಇನ್ನೂ ಮೂರು ತಿಂಗಳು ತುಂಬದ ಮಗಳಿದ್ದರು. ಇಬ್ಬರಿಗೂ ಏನೂ ಆಗಿರಲಿಲ್ಲ. ಮನೆಯೆದುರು ಸಿಟ್ಟಿಗೆದ್ದ ಜನ ಸೇರಿದ್ದರು, ಕೆಲವರ ಕೈಯಲ್ಲಿ ಆಯುಧವಿತ್ತು. ಒಡೆದ ಜಗಲಿಯ ಮೇಲೆ ನಿಂತ ಕಿಂಗ್ ಆಯುಧಗಳನ್ನು ಮನೆಗೆ ಒಯ್ಯಿರಿ, ವೈರಿಯನ್ನು ಪ್ರೀತಿಸಬೇಕೆಂದು ಯೇಸು ಹೇಳಿದ್ದನ್ನು ನೆನೆಯಿರಿ ಎಂದರು. ಜನ ಚದುರಿದರು. 1957ರ ನವೆಂಬರಿನಲ್ಲಿ ಅದೇ ವಚನವನ್ನೆತ್ತಿಕೊಂಡು ಅವರು ತಮ್ಮ ಚರ್ಚಿನಲ್ಲಿ ದೀರ್ಘವಾಗಿ ಬೋಧಿಸಿದರು. ಜಗಲಿಯ ಮಾತು ಮೊದಲೇ ಆಗಿಹೋಗಿದ್ದರಿಂದ ಕೇಳಿದವರಿಗೆ ಅದು ಪುರಾಣದ ಬದನೆಕಾಯಿ ಆಗಿರಲು ಸಾಧ್ಯವಿರಲಿಲ್ಲ.

ಪದಕ್ಕೆ ಮುಂದೆಯೂ ಕೆಲಸವಿದೆ. ದಕ್ಷಿಣ ಭಾರತ ಸಭೆಯಲ್ಲಿ ಹೆಂಗಸರು ಸಭಾಪಾಲಕರಾಗಿದ್ದಾರೆ. 2013ರಲ್ಲಿ ಎಗ್ಗೋನಿ ಪುಷ್ಪಲಲಿತಾ ನಂದ್ಯಾಲದ ಬಿಷಪ್ ಆದರು. ಸಭಾಪಾಲಕ ಎಂಬ ಪದಕ್ಕೆ ಸ್ತ್ರೀರೂಪ ಹುಡುಕಬೇಕಾಗುತ್ತದೆ. ಪ್ರಸಂಗಿಗೆ ಆ ಕಷ್ಟವಿಲ್ಲ, ಗಂಡಿಗೂ ಹೆಣ್ಣಿಗೂ ಅದೇ ಒಪ್ಪುತ್ತದೆ. ಆ ಪುಸ್ತಕದ ಹೀಬ್ರೂ ಹೆಸರು ಕೊಹೆಲೆತ್ ಕೂಡ ವ್ಯಾಕರಣದಲ್ಲಿ ಸ್ತ್ರೀಲಿಂಗದ ರೂಪವೇ. ಆದರೆ ನಮ್ಮ ಮನೆಗಳಲ್ಲಿ ಅಧಿಕಪ್ರಸಂಗಿ ಎಂಬ ಬೈಗುಳ ಎದುರುತ್ತರ ಕೊಟ್ಟ ಹುಡುಗಿಗೆ ಬೀಳುವಷ್ಟು ಸಲೀಸಾಗಿ ಹುಡುಗನಿಗೆ ಬೀಳುವುದಿಲ್ಲ. ಅದನ್ನು ಇನ್ನಾದರೂ ಬಿಡಬೇಕು.