ದಟ್ಟಗಳ್ಳಿ: ಊರಿನ ಹೆಸರಿನಲ್ಲಿ ಒಂದು ಸಸ್ಯ

ಮೈಸೂರು ನಗರದ ದಟ್ಟಗಳ್ಳಿಯು ಈಗ ಮನೆಗಳಿಂದ ತುಂಬಿದ ಬಡಾವಣೆ. ಅದರ ಹೆಸರನ್ನು ಎರಡು ವಿಧವಾಗಿ ಬಿಡಿಸಬಹುದು. ಆಡುಮಾತಿನಲ್ಲಿ ಕುಕ್ಕರಹಳ್ಳಿಯು ಕುಕ್ಕರಳ್ಳಿಯಾಗುವಂತೆ ಹಕಾರವು ಲೋಪವಾಗಿ ‘ದಟ್ಟಗಹಳ್ಳಿ’ಯೇ ದಟ್ಟಗಳ್ಳಿಯಾಯಿತೆನ್ನುವುದು ಒಂದು. ‘ದಟ್ಟ’ದ ಮುಂದೆ ‘ಕಳ್ಳಿ’ ಬಂದು, ಸಮಾಸದಲ್ಲಿ ಉತ್ತರಪದದ ಮೊದಲ ಕಕಾರಕ್ಕೆ ಗಕಾರವು ಆದೇಶವಾಗಿದೆಯೆನ್ನುವುದು ಇನ್ನೊಂದು. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರಿಗೆ ಇದು ಪರಿಚಿತವಾದ ವಿಧಿಯೇ. ಮೊದಲನೆಯದನ್ನು ಹಿಡಿದರೆ ‘ದಟ್ಟಗ’ನೆಂಬವನು ಯಾರೆಂದು ಹೇಳಬೇಕಾಗುತ್ತದೆ. ಎರಡನೆಯದನ್ನು ಹಿಡಿದರೆ ಅದು ಯಾವ ಕಳ್ಳಿಯೆಂದು ಹೇಳಬೇಕಾಗುತ್ತದೆ. ವ್ಯಾಕರಣವೊಂದರಿಂದಲೇ ಇದು ತೀರತಕ್ಕ ವಿಷಯವಲ್ಲ, ಸಸ್ಯವನ್ನೂ ನೋಡಬೇಕು.

ಸಮೀಪದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆಯಿದೆ. ಇಂತಹ ಕೆರೆಯ ಬದಿಯಲ್ಲಿ ತಿರುಗಾಡುವವರಿಗೆ ಕಳ್ಳಿಯೆಂದೊಡನೆ ನೆನಪಾಗುವುದು ಪಾಪಾಸುಕಳ್ಳಿ. ಇದು ಅಮೆರಿಕ ಖಂಡದ ಗಿಡ. ನಮ್ಮ ಊರುಗಳ ಹಳೆಯ ಹೆಸರುಗಳಲ್ಲಿ ಇದನ್ನು ಹುಡುಕುವುದು ವ್ಯರ್ಥ. ಅದರ ಹೆಸರೇ ಇದಕ್ಕೆ ಸಾಕ್ಷಿ: ಕೆರದ ಅಟ್ಟೆಯಂತಿರುವ ಅದರ ಕಾಂಡವನ್ನು ಕಂಡು ಜನರು ಪಾರಸಿ ಮೂಲದ ‘ಪಾಪಾಸು’ ಎಂಬ ಮಾತನ್ನು ಅದಕ್ಕೆ ಸೇರಿಸಿದರು. ಕಿರುಮಂಜಿ ಬಣ್ಣಕ್ಕಾಗಿ ಕಂಪನಿಯವರು ಈ ಕಳ್ಳಿಯ ಹುಳುವನ್ನು ಬಯಸಿದರು. 1795ರಲ್ಲಿ ರಿಯೋ ಡಿ ಜನೈರೋದಿಂದ ಕಲ್ಕತ್ತೆಗೆ ಬಂದ ಹುಳು ಉತ್ತಮ ಬಣ್ಣದ ಜಾತಿಯದಾಗಿರಲಿಲ್ಲ. ಅದು ಬಣ್ಣಕ್ಕಿಂತ ಹೆಚ್ಚಾಗಿ ಗಿಡವನ್ನೇ ತೀರಿಸಿತು. ಮತ್ತೊಂದು ಜಾತಿಯ ಪಾಪಾಸುಕಳ್ಳಿ ದಕ್ಷಿಣದಲ್ಲೆಲ್ಲ ಹಬ್ಬಿ ಉಪದ್ರವವಾದಾಗ, 1926ರಲ್ಲಿ ಸಿಂಹಳದಿಂದ ಬೇರೊಂದು ಹುಳುವನ್ನು ತರಿಸಿ ಅದನ್ನು ಅಡಗಿಸಬೇಕಾಯಿತು. ವ್ಯಾಪಾರಕ್ಕಾಗಿ ಬೇಕೆನಿಸಿದ ಹುಳುವೇ ಹೀಗೆ ಕಳೆ ಕೀಳುವ ಆಳಾಯಿತು!

ನಮ್ಮ ಕಳ್ಳಿ ಬೇರೆ. ಮುರಿದರೆ ಬೆಳ್ಳಗೆ ಹಾಲು ಸುರಿಯುವುದು ಅದರ ಗುರುತು, ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ. ಎಲೆಗಳ್ಳಿಯೂ ಮೂಲೆಮೂಲೆಯಾದ ಕಾಂಡದ ಕಳ್ಳಿಯೂ ಈ ಹಾಲಿನ ಕುಲದವು. ಎರಡನೆಯದಕ್ಕೆ ಲಿನ್ನೇಯಸನು 1753ರಲ್ಲಿ ‘ಪ್ರಾಚೀನರದು’ ಎಂಬರ್ಥದ ಹೆಸರಿಟ್ಟನು. ಅದೇ ಗ್ರಂಥದಲ್ಲಿ ಇನ್ನೊಂದಕ್ಕೆ ‘ತಿರುಕಳ್ಳಿ’ ಎಂದೇ ಹೆಸರು. ಅದು ಮಲಬಾರಿನ ಡಚ್ ಅಧಿಕಾರಿ ವಾನ್ ರೀಡನು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಬರೆಯಿಸಿದ ಮಲಯಾಳದ ಮಾತು. ವಿಚಿತ್ರವೇನೆಂದರೆ, ದ್ರಾವಿಡ ಶಬ್ದವನ್ನು ಜಗತ್ತಿಗೆ ಒಯ್ದ ಈ ಗಿಡದ ತವರು ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರ ಮತ. ಆದುದರಿಂದ ಹೆಸರು ದೇಶ್ಯವೆಂದ ಮಾತ್ರಕ್ಕೆ ಗಿಡವೂ ದೇಶ್ಯವೆನ್ನಲಾಗದು.

ಬೇಲಿಯ ಮೇಲೆ ನಾಲ್ಕು ಏಣಿನ, ಗೆಣ್ಣು ಗೆಣ್ಣಾದ ಕಾಂಡವನ್ನು ಕಂಡು ಅದನ್ನೂ ಕಳ್ಳಿಯೆನ್ನುವವರುಂಟು. ಅದು ಮಂಗರವಳ್ಳಿ, ದ್ರಾಕ್ಷಿಯ ಬಂಧು, ಕುಡಿಬಳ್ಳಿಗಳಿಂದ ಹಬ್ಬುವಂಥದು, ಹಾಲಿಲ್ಲದ್ದು, ನಿಜವಾಗಿ ಈ ನೆಲದ್ದು.

ಹೊಲಗಳು ನಿವೇಶನಗಳಾದಂತೆ ಬೇಲಿಗಳು ಹೋಗುತ್ತಿವೆ. ‘ದಟ್ಟ ಕಳ್ಳಿ’ಯ ಪಕ್ಷವೇ ನನಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ. ಸ್ಥಳನಾಮಗಳನ್ನು ಪರಿಶೋಧಿಸುವವರು ಶಾಸನದ ಪ್ರತಿಗಳೊಡನೆ ಉಳಿದಿರುವ ಬೇಲಿಗಳನ್ನೂ ನೋಡಿ, ಯಾವ ಕಾಂಡದಲ್ಲಿ ಹಾಲು ಬರುತ್ತದೆಂಬುದನ್ನು ಬರೆದಿಡಬೇಕೆಂದು ಕೋರುತ್ತೇನೆ.